ಹಾಲು ಬಿಡಿಸಿದ ಹಂದಿಮರಿಗೆ ಆಸಿಡ್ ಪುಡಿ, ನಾಲ್ಕು ಬ್ಯಾಚ್ ಹಾಕಿ ನೋಡಿದ ಮೇಲೆ

ತಾಯಿಯಿಂದ ಬಿಡಿಸಿದ ವಾರದೊಳಗೆ ಮರಿಗಳಿಗೆ ಹಿಡಿಯೋ ನೀರುಭೇದಿ ಹಂದಿ ಸಾಕೋರಿಗೆಲ್ಲ ಗೊತ್ತಿರೋದೇ. ಮುಂಚೆ ಎಲ್ರೂ ಫೀಡ್‌ಗೆ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಕಲಸ್ತಿದ್ರು, 2019ರಲ್ಲಿ ಸರ್ಕಾರ ಅದನ್ನ ಬ್ಯಾನ್ ಮಾಡ್ತು, ಮಾಡಿದ್ದು ಸರಿ ಕೂಡ. ಆಮೇಲೆ ನಮ್ಮ ಪಶು ಡಾಕ್ಟ್ರು ಹೇಳಿದ್ರು ಅಂತ ಹೊಟ್ಟೇಲಿ ಹುಳಿ ಹೆಚ್ಚಿಸೋ ಈ ಆಸಿಡಿಫೈಯರ್ ಪುಡಿ ತಂದೆ. ಫಾರ್ಮಿಕ್, ಫ್ಯೂಮರಿಕ್, ಸಿಟ್ರಿಕ್ ಆಸಿಡ್ ಸೇರಿಸಿರೋದು, 5 ಕೆಜಿ ಬ್ಯಾಗ್ 1,400 ರೂಪಾಯಿ.

ಮೊದಲನೇ ಬ್ಯಾಚಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ಲ, ದುಡ್ಡು ಹೋಯ್ತು ಅಂತ ಬೇಜಾರಾಗಿತ್ತು. ಡಾಕ್ಟ್ರು ಬಂದು ನನ್ನ ಫೀಡ್ ಲೆಕ್ಕ ನೋಡಿ, ಇಷ್ಟೊಂದು ಸುಣ್ಣದಕಲ್ಲು ಪುಡಿ ಹಾಕಿದ್ರೆ ಹಾಕಿದ ಆಸಿಡ್ ಎಲ್ಲ ಅದೇ ಕುಡಿದುಬಿಡುತ್ತೆ ಅಂದ್ರು. ವಿಷಯ ಏನಂದ್ರೆ ಹಾಲು ಕುಡಿಯೋವಾಗ ಹಾಲಿನ ಸಕ್ಕರೆ ಹೊಟ್ಟೇಲಿ ಹುಳಿಯಾಗಿ ಲ್ಯಾಕ್ಟಿಕ್ ಆಸಿಡ್ ಆಗ್ತಿರುತ್ತೆ, ಮರಿಗೆ ತನ್ನದೇ ಆಸಿಡ್ ಇನ್ನೂ ಸಾಲದು, ಹಾಲು ನಿಂತ ತಕ್ಷಣ ಹೊಟ್ಟೆ ಹುಳಿ ಕಮ್ಮಿಯಾಗಿ ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 5ರ ಹತ್ರ ಹೋಗಬಹುದು, ಆದ್ರೆ ಪ್ರೋಟೀನ್ ಒಡೆಯೋ ಪೆಪ್ಸಿನ್‌ಗೆ 2ರಿಂದ 3.5 ಬೇಕು. ಅರಗದ ಸೋಯಾ ಹಾಗೇ ದೊಡ್ಡ ಕರುಳಿಗೆ ಇಳಿದ್ರೆ ಕೆಟ್ಟ ಬ್ಯಾಕ್ಟೀರಿಯಾಗೆ ಅದೇ ಊಟ, ಭೇದಿ ಶುರುವಾಗೋದು ಅಲ್ಲಿಂದ.

ಎರಡನೇ ಸಲ ಅವರು ಹೇಳಿದ ಹಾಗೆ ಮೂರು ವಾರ ಮಾತ್ರ ಸುಣ್ಣದಕಲ್ಲು ಅರ್ಧ ಮಾಡಿ (ಪೂರ್ತಿ ತೆಗೀಬೇಡಿ, ಮೂಳೆಗೆ ಬೇಕು), 100 ಕೆಜಿ ಫೀಡ್‌ಗೆ 400 ಗ್ರಾಂ ಪುಡಿ ಕಲಸಿದೆ. ಒಂದೇ ಸೂಲಿನ ಮರಿಗಳನ್ನ ಎರಡು ಪೆನ್‌ಗೆ (ಮರಿ ಕೂಡೋ ಅಂಕಣ) ಹಂಚಿ ಒಂದಕ್ಕೆ ಪುಡಿ ಹಾಕಿ ಇನ್ನೊಂದಕ್ಕೆ ಹಾಕದೆ ಬಿಟ್ಟೆ. ಹಾಕಿದ ಪೆನ್‌ನಲ್ಲಿ ಐದನೇ ದಿನಕ್ಕೇ ಸಗಣಿ ಗಟ್ಟಿ, ಜೋಳದ ಚೂರು ಕಾಣೋದು ಕಮ್ಮಿ, ಮರಿಗಳ ಹಿಂದೆ ಅಂಟು ಇಲ್ಲ. ಪಕ್ಕದ ಪೆನ್‌ನಲ್ಲಿ ಮೂರು ಮರಿ ಸೊರಗಿದ್ವು, ನೋಡಿ ಸಂಕಟ ಆಯ್ತು, ಆಮೇಲೆ ಅವಕ್ಕೂ ಹಾಕಿಬಿಟ್ಟೆ. ಮೂರನೇ, ನಾಲ್ಕನೇ ಬ್ಯಾಚಲ್ಲೂ ಭೇದಿ ಕಮ್ಮಿನೇ ಇತ್ತು.

ಖರ್ಚು ಕೆಜಿ ಫೀಡ್‌ಗೆ 1 ರೂಪಾಯಿ 12 ಪೈಸೆ, ನಾಲ್ಕು ವಾರಕ್ಕೆ ಒಂದು ಮರಿ ಹನ್ನೆರಡು ಕೆಜಿ ತಿಂದ್ರೂ ಹದಿಮೂರು ರೂಪಾಯಿ ಚಿಲ್ಲರೆ, ಒಂದು ಇಂಜೆಕ್ಷನ್‌ಗಿಂತ ಕಮ್ಮಿ. ಆದ್ರೆ ದೊಡ್ಡ ಹಂದಿಗೆ ಹಾಕೋಕೆ ಹೋಗ್ಬೇಡಿ, ಅವುಗಳ ಹೊಟ್ಟೇಲಿ ಆಸಿಡ್ ಸಾಕಷ್ಟಿರುತ್ತೆ, ನಾನು ಒಂದು ತಿಂಗಳು ಹಾಕಿ ತೂಕದಲ್ಲಿ ಏನೂ ಕಾಣ್ಲಿಲ್ಲ. ಫೀಡ್‌ನಲ್ಲಿ ಹಾಲಿನ ಪುಡಿ ಜಾಸ್ತಿ ಹಾಕೋರಿಗೂ ಇಷ್ಟು ವ್ಯತ್ಯಾಸ ಸಿಗಲ್ಲ.

ಬೇಜಾರು ಅಂದ್ರೆ ಬ್ಯಾಗ್ ಮೇಲೆ ಯಾವ ಆಸಿಡ್ ಎಷ್ಟು ಪರ್ಸೆಂಟ್ ಅಂತ ಬರೆದಿಲ್ಲ, ದುಡ್ಡು ಕೊಡೋ ರೈತನಿಗೆ ಅದು ಗೊತ್ತಾಗಬೇಕು. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಬ್ಯಾಗ್ ಹೆಂಟೆ ಕಟ್ಟಿತು, ಈಗ ಮುಚ್ಚಳದ ಡಬ್ಬಕ್ಕೆ ಹಾಕಿಡ್ತೀನಿ. ಕಲಸೋವಾಗ ಘಾಟು ಮೂಗಿಗೆ ಹೊಡೆಯುತ್ತೆ, ಗ್ಲೌಸ್, ಮಾಸ್ಕ್ ಹಾಕ್ಕೊಳ್ಳಿ, ಕೈಯಲ್ಲಿ ಗಾಯ ಇದ್ರೆ ಮುಟ್ಟಲೇಬೇಡಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಪರ್ಸೆಂಟ್ ಬರೆದ ದಿನ ಐದು.