ಕಾಲೇಜಿನ ಲೆಕ್ಕವನ್ನೆಲ್ಲ ಒಂದು ಆ್ಯಪ್ ಕೈಗೆ ಕೊಡುವ ಮೊದಲು ಇದನ್ನು ಓದಿ

ಹೊಸ ಸೆಮಿಸ್ಟರ್ ಶುರುವಾಯಿತು ಅಂದರೆ ಕ್ಲಾಸ್ ಗ್ರೂಪಿನಲ್ಲಿ ಒಂದು ಲಿಂಕ್ ಬಂದೇ ಬರುತ್ತದೆ. ‘ಮಗಾ, ಈ ಆ್ಯಪ್ ಹಾಕ್ಕೋ. ಟೈಮ್‌ಟೇಬಲ್, ಅಸೈನ್‌ಮೆಂಟ್, ಅಟೆಂಡೆನ್ಸ್ ಎಲ್ಲಾ ಒಂದೇ ಕಡೆ.’ ಕಳೆದ ವರ್ಷ ನಮ್ಮ ಗ್ರೂಪಿಗೂ ಬಂತು. ಕ್ಲಾಸಿನ ಅರ್ಧ ಜನ ಹಾಕಿಕೊಂಡರು, ನಾನೂ ಹಾಕಿಕೊಂಡೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೆಲವರಿಗೆ ಶಾರ್ಟೇಜ್ (ಅಟೆಂಡೆನ್ಸ್ ಸಾಲದು ಅಂತ) ಬಂದಿತ್ತು, ಕೆಲವರ ಅಕೌಂಟಿನಿಂದ ದುಡ್ಡು ಹೋಗಿತ್ತು. ನನಗೆ ಎರಡೂ ಆಯಿತು.

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಬರೆದರೂ ಜಾಸ್ತಿ ಉಪಯೋಗವಿಲ್ಲ, ಪ್ಲೇ ಸ್ಟೋರಿನಲ್ಲಿ ಅದೇ ತರದ್ದು ಇನ್ನೂ ಎಷ್ಟೋ ಇವೆ. ಎಲ್ಲದರ ಸ್ಕ್ರೀನ್‌ಶಾಟೂ ಚಂದ. ಅದನ್ನು ನೋಡಿ ಆ್ಯಪ್ ಆರಿಸುವುದು ಅಂದರೆ ಚಿಕ್ಕಪೇಟೆ ಅಂಗಡಿಯ ಲೈಟಿನಲ್ಲಿ ಸೀರೆಯ ಬಣ್ಣ ನೋಡಿದ ಹಾಗೆ. ಹೊರಗೆ ಬಿಸಿಲಿಗೆ ಹಿಡಿದು ನೋಡಬೇಕು. ಆ್ಯಪ್‌ನ ಬಿಸಿಲು ಅಂದರೆ ಇಂಟರ್ನಲ್ಸ್ ವಾರ, ಕಾಲೇಜಿನೊಳಗಿನ ಟೆಸ್ಟುಗಳು ನಡೆಯುವ ವಾರ.

ನಮ್ಮದು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗೆ ಬರುತ್ತದೆ. ಪ್ರತಿ ಸಬ್ಜೆಕ್ಟಿಗೂ 85% ಅಟೆಂಡೆನ್ಸ್ ಬೇಕು. ಸರಿಯಾದ ಕಾರಣ ಇದ್ದರೆ 10% ವರೆಗೆ ರಿಯಾಯಿತಿ ಸಿಗಬಹುದು. ಆದರೆ ಅದಕ್ಕೆ ಮೆಡಿಕಲ್ ಸರ್ಟಿಫಿಕೇಟ್ ತರಬೇಕು, ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ರೂಮಿನ ಮುಂದೆ ನಿಲ್ಲಬೇಕು, ಮನೆಗೆ ಫೋನ್ ಹೋಗುತ್ತದೆ. ಇದರ ಜೊತೆಗೆ ಇಂಟರ್ನಲ್ಸಿನಲ್ಲಿ 50ಕ್ಕೆ 20 ಆದರೂ ಬರಬೇಕು. ಇಷ್ಟೆಲ್ಲ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದಕ್ಕೇ ಇಂಥ ಆ್ಯಪ್‌ಗಳಿಗೆ ಗಿರಾಕಿ ಜಾಸ್ತಿ. ಸಿಲ್ಕ್ ಬೋರ್ಡಿನಲ್ಲಿ ಬಸ್ ಸಿಕ್ಕಿಕೊಂಡಾಗ ‘ಮೊದಲನೇ ಅವರ್ ಹೋದರೆ ಹೋಗಲಿ’ ಅಂತ ನಾವು ತೀರ್ಮಾನ ಮಾಡುವುದೇ ಆ್ಯಪ್‌ನಲ್ಲಿ ಕಾಣುವ ಪರ್ಸೆಂಟೇಜ್ ನೋಡಿ.

ಆ ಪರ್ಸೆಂಟೇಜೇ ತಪ್ಪಿತ್ತು.

ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಫೋನಿನಲ್ಲಿರುವುದೂ ಹೀಗೇ ಎಣಿಸುತ್ತಿರಬಹುದು. ಐಪಿಸಿಸಿ ಸಬ್ಜೆಕ್ಟ್ ಗೊತ್ತಲ್ಲ, ಥಿಯರಿ, ಲ್ಯಾಬ್ ಎರಡೂ ಒಂದರಲ್ಲೇ ಇರುವುದು. ಥಿಯರಿ 40 ಅವರ್, ಲ್ಯಾಬ್ 10 ಸಲ, ಒಂದೊಂದು ಲ್ಯಾಬೂ 2 ಅವರ್ ಅಂತ ಇಟ್ಟುಕೊಳ್ಳಿ. ಥಿಯರಿಯಲ್ಲಿ 3 ಅವರ್ ತಪ್ಪಿತು, ಲ್ಯಾಬ್ 4 ಸಲ ತಪ್ಪಿತು. ಆ್ಯಪ್ ಒಂದು ಲ್ಯಾಬನ್ನು ಒಂದು ಕ್ಲಾಸ್ ಅಂತ ಎಣಿಸುತ್ತದೆ. ಹಾಗಾಗಿ ಅದರ ಪ್ರಕಾರ 50ಕ್ಕೆ 43. ಅಂದರೆ 86%, ಹಸಿರು ಬಣ್ಣ, ಪಕ್ಕದಲ್ಲಿ ಒಂದು ನಗುಮುಖ ಬೇರೆ. ನಮ್ಮ ಕಾಲೇಜು ಎಣಿಸುವುದು ಅವರ್ ಲೆಕ್ಕದಲ್ಲಿ. ಒಟ್ಟು 60 ಅವರ್, ತಪ್ಪಿದ್ದು 11, ಬಂದಿದ್ದು 49. ಅದು 82% ಕೂಡ ಆಗುವುದಿಲ್ಲ. ಒಂದೇ ಹುಡುಗ, ಅವವೇ ಕ್ಲಾಸುಗಳು, ಆ್ಯಪ್‌ನಲ್ಲಿ ಪಾಸ್, ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್.

ಸೆಟ್ಟಿಂಗ್ಸಿನಲ್ಲಿ ಲ್ಯಾಬಿಗೆ ‘ಅವಧಿ 2 ಗಂಟೆ’ ಅಂತ ಹಾಕುವ ಜಾಗ ಇತ್ತು. ನಾವೆಲ್ಲ ಹಾಕಿದ್ದೆವು. ಆದರೆ ಅದು ಟೈಮ್‌ಟೇಬಲ್‌ನಲ್ಲಿ ಡಬ್ಬಿಯನ್ನು ಉದ್ದ ಮಾಡಿ ತೋರಿಸುವುದಕ್ಕೆ ಮಾತ್ರ, ಅಟೆಂಡೆನ್ಸ್ ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಎಲ್ಲೂ ಬರೆದಿರಲಿಲ್ಲ. ಸಪೋರ್ಟಿಗೆ ಮೇಲ್ ಹಾಕಿದರೆ, ನಿಮ್ಮ ಸಲಹೆಗೆ ಧನ್ಯವಾದ ಅಂತ ರೆಡಿಮೇಡ್ ಉತ್ತರ ಬಂತು. ನಾನು ಕೊಟ್ಟಿದ್ದು ಸಲಹೆಯಲ್ಲ ಸ್ವಾಮಿ, ಕಂಪ್ಲೇಂಟು.

ಇನ್ನೊಂದು, ಶನಿವಾರ. ರಜೆಗಳು ಬಂದು ಕ್ಲಾಸುಗಳು ಹಿಂದೆ ಬಿದ್ದಾಗ ಕಾಲೇಜಿನವರು ‘ಈ ಶನಿವಾರ ಮಂಗಳವಾರದ ಟೈಮ್‌ಟೇಬಲ್’ ಅಂತ ಸರ್ಕ್ಯುಲರ್ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಆ್ಯಪ್‌ಗೆ ಅದು ಅರ್ಥವೇ ಆಗುವುದಿಲ್ಲ. ಅದರ ಪ್ರಕಾರ ಶನಿವಾರ ಅಂದರೆ ಶನಿವಾರ. ಒಂದೊಂದೇ ಕ್ಲಾಸನ್ನು ಕೈಯಲ್ಲಿ ಸೇರಿಸಬೇಕು, ಸೇರಿಸಿದರೆ ಅದು ‘ಎಕ್ಸ್‌ಟ್ರಾ ಕ್ಲಾಸ್’ ಅಂತ ಬೇರೆ ಪಟ್ಟಿಗೆ ಹೋಗುತ್ತದೆ, ಪರ್ಸೆಂಟೇಜಿಗೆ ಸೇರುವುದಿಲ್ಲ. ಅದರ ಮೇಲೆ ಹೋಮ್ ಸ್ಕ್ರೀನಿನಲ್ಲಿ ದೊಡ್ಡದಾಗಿ ಕಾಣುವ ವೃತ್ತ ಎಲ್ಲ ಸಬ್ಜೆಕ್ಟ್ ಸೇರಿಸಿ ತೆಗೆದ ಸರಾಸರಿ. ವಿಟಿಯುಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಐದು ಸಬ್ಜೆಕ್ಟಿನಲ್ಲಿ 95 ಇದ್ದು ಒಂದರಲ್ಲಿ 80 ಇದ್ದರೆ ಆ ಒಂದರಲ್ಲಿ ಶಾರ್ಟೇಜೇ.

ಹೊಸ ಆ್ಯಪ್ ಹಾಕಿದರೆ ಮೊದಲು ಇದನ್ನು ಪರೀಕ್ಷೆ ಮಾಡಿ. ಸುಮ್ನೆ ಒಂದು ಸುಳ್ಳು ಸಬ್ಜೆಕ್ಟ್ ಸೇರಿಸಿ, ಎರಡು ಅವರಿನ ಲ್ಯಾಬ್ ಒಂದನ್ನು ಆಬ್ಸೆಂಟ್ ಅಂತ ಒತ್ತಿ, ಎಷ್ಟು ಕಮ್ಮಿಯಾಯಿತು ಅಂತ ಪೆನ್ನು ಪೇಪರ್ ಹಿಡಿದು ಲೆಕ್ಕ ಹಾಕಿ. ಐದು ನಿಮಿಷದ ಕೆಲಸ.

ರಿಮೈಂಡರ್ ಕಥೆ ಬೇರೆ. ಶುಕ್ರವಾರ ಮಧ್ಯಾಹ್ನ ಅಸೈನ್‌ಮೆಂಟ್ ಕೊಡಬೇಕಿತ್ತು, ಬೆಳಿಗ್ಗೆ ಏಳಕ್ಕೆ ನೆನಪಿಸು ಅಂತ ಇಟ್ಟಿದ್ದೆ. ಸಂಜೆ ಮೆಟ್ರೋದಲ್ಲಿ ಅದೇ ಆ್ಯಪ್ ತೆರೆದಾಗ ಟಣ್ ಅಂತ ಬಂತು, ‘ಇಂದು ಕೊನೆಯ ದಿನ!’ ಅಂತ. ಪಕ್ಕದಲ್ಲಿ ಕೂತಿದ್ದ ಫ್ರೆಂಡಿನ ಫೋನಿನಲ್ಲಿ ಬಂದೇ ಇರಲಿಲ್ಲ.

ಇದರಲ್ಲಿ ಫೋನಿನ ಪಾಲೂ ಇದೆ, ಒಪ್ಪುತ್ತೇನೆ. ಆಂಡ್ರಾಯ್ಡ್ 6 ಬಂದಾಗಿನಿಂದ, ಅಂದರೆ 2015ರಿಂದ, ಮುಟ್ಟದೆ ಇಟ್ಟ ಫೋನು ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ಮಲಗಿಸುತ್ತದೆ. ಕೆಲವು ಕಂಪನಿಗಳು ಅದರ ಮೇಲೆ ತಮ್ಮದೇ ಕಟ್ಟುನಿಟ್ಟು ಬೇರೆ ಹಾಕುತ್ತವೆ. ಆಂಡ್ರಾಯ್ಡ್ 12ರಿಂದ ಸರಿಯಾದ ಟೈಮಿಗೆ ಹೊಡೆಯಬೇಕಾದ ಅಲಾರಾಂಗೆ ‘ಅಲಾರ್ಮ್ಸ್ ಆ್ಯಂಡ್ ರಿಮೈಂಡರ್ಸ್’ ಅಂತ ಪ್ರತ್ಯೇಕ ಪರ್ಮಿಷನ್ ಇದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸುವುದಕ್ಕೇ ನಮ್ಮನ್ನು ಕೇಳಬೇಕು. ನೆಟ್ಟಗೆ ಮಾಡಿದ ಆ್ಯಪ್ ಇದನ್ನೆಲ್ಲ ಮೊದಲ ದಿನವೇ ಕೇಳಿ ಸರಿಮಾಡಿಸಿಕೊಳ್ಳುತ್ತದೆ. ಈ ಮಹಾನುಭಾವ ಮೊದಲ ದಿನ ಕೇಳಿದ್ದು ಕಾಂಟ್ಯಾಕ್ಟ್ಸ್ ಪರ್ಮಿಷನ್. ಕ್ಲಾಸ್ ಟೈಮ್‌ಟೇಬಲಿಗೂ ನಮ್ಮ ಅತ್ತೆಯ ಫೋನ್ ನಂಬರಿಗೂ ಏನು ಸಂಬಂಧ?

ಇದನ್ನು ಪರೀಕ್ಷೆ ಮಾಡುವುದೂ ಸುಲಭ. ರಾತ್ರಿ ಮಲಗುವಾಗ ಬೆಳಿಗ್ಗೆ ಆರಕ್ಕೆ ಒಂದು ರಿಮೈಂಡರ್ ಇಡಿ. ಫೋನನ್ನು ಚಾರ್ಜಿಗೆ ಹಾಕಬೇಡಿ, ಮುಟ್ಟಲೂ ಬೇಡಿ. ಚಾರ್ಜಿಗೆ ಹಾಕಿದ್ದರೆ ಫೋನು ಅಷ್ಟಾಗಿ ನಿದ್ದೆ ಹೋಗುವುದಿಲ್ಲ, ಟೆಸ್ಟ್ ಸುಳ್ಳಾಗುತ್ತದೆ. ಆರಕ್ಕೆ ಹೊಡೆದರೆ ಸರಿ. ಆರೂ ಮುಕ್ಕಾಲಿಗೆ ನೀವು ಫೋನ್ ಎತ್ತಿಕೊಂಡ ಮೇಲೆ ಹೊಡೆದರೆ ಅದನ್ನು ನಂಬಿ ಕೂರಬೇಡಿ.

ಈಗ ದುಡ್ಡಿನ ವಿಷಯ. ಶುರುವಿನಲ್ಲಿ ಎಲ್ಲಾ ಫ್ರೀ ಇತ್ತು. ಮೊದಲ ಇಂಟರ್ನಲ್ಸ್ ಹತ್ತಿರ ಬಂದಾಗ ಒಂದು ಅಪ್‌ಡೇಟ್ ಬಂತು. ಅದಾದ ಮೇಲೆ ನಾಲ್ಕಕ್ಕಿಂತ ಜಾಸ್ತಿ ಸಬ್ಜೆಕ್ಟ್ ಇಡಬೇಕಾದರೆ ಪ್ರೀಮಿಯಂ. ಯಾವ ಸೆಮಿಸ್ಟರಿನಲ್ಲಿ ನಾಲ್ಕೇ ಸಬ್ಜೆಕ್ಟ್ ಇರುತ್ತದೆ ಹೇಳಿ! ಅಷ್ಟು ವಾರ ಹಾಕಿದ ಮಾಹಿತಿ ಒಳಗೇ ಇತ್ತು, ಬೀಗ ಬಿದ್ದಿತ್ತು. ಮೊದಲ ತಿಂಗಳಿಗೆ ಒಂದು ರೂಪಾಯಿ ಅಂತ ಆಫರ್ ಕೊಟ್ಟರು. ಯುಪಿಐ ಪಿನ್ ಹಾಕಿದರೆ ಮುಗಿಯಿತು, ಆಟೋಪೇ ಮ್ಯಾಂಡೇಟ್, ಅಂದರೆ ಮುಂದೆ ದುಡ್ಡು ತಾನಾಗಿ ಕಟ್ ಆಗಲು ಒಪ್ಪಿಗೆ, ಆಗಿಬಿಡುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಆ್ಯಪ್ ತೆಗೆದುಹಾಕಿದೆ. ಆಮೇಲೂ ದುಡ್ಡು ಕಟ್ ಆಗುತ್ತಲೇ ಇತ್ತು.

ಇದನ್ನು ನಮ್ಮ ಕ್ಲಾಸಿನಲ್ಲೇ ಎಷ್ಟೋ ಜನ ನಂಬಲಿಲ್ಲ, ಹಾಗಾಗಿ ಒತ್ತಿ ಹೇಳುತ್ತೇನೆ: ಅನ್‌ಇನ್‌ಸ್ಟಾಲ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೋ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಯುಪಿಐನಲ್ಲಿ ನೇರ ಕಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಭಾಗ ಇರುತ್ತದೆ, ಅಲ್ಲಿ ನಿಲ್ಲಿಸಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ತಾನಾಗಿ ಕಟ್ ಆಗುವ ದುಡ್ಡಿಗೆ 24 ಗಂಟೆ ಮೊದಲು ಮೆಸೇಜ್ ಬರಬೇಕು. ಬಂದಿತ್ತು. ಆದರೆ ಅದರಲ್ಲಿ ಆ್ಯಪ್ ಹೆಸರಿನ ಬದಲು ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿತ್ತು. ಲೋನ್ ಆಫರಿನವರ ಮೆಸೇಜುಗಳ ಮಧ್ಯೆ ಅದನ್ನು ಯಾರು ಓದುತ್ತಾರೆ? ಹಾಗಾಗಿ ಮ್ಯಾಂಡೇಟ್ ಮಾಡಿದ ದಿನವೇ ಬಿಲ್ ಕಳಿಸುವ ಕಂಪನಿಯ ಹೆಸರೇನು ಅಂತ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಸರಿ, ಬೇರೆ ಆ್ಯಪಿಗೆ ಹೋಗೋಣ ಅಂದರೆ ಹಾಕಿದ್ದನ್ನೆಲ್ಲ ಹೊರಗೆ ತೆಗೆಯುವ ದಾರಿ ಇರಲಿಲ್ಲ. ಎಕ್ಸ್‌ಪೋರ್ಟ್ ಒತ್ತಿದರೆ ಬರುವುದು ಬಣ್ಣಬಣ್ಣದ ಪಿಡಿಎಫ್. ಅದನ್ನು ಗೋಡೆಗೆ ಅಂಟಿಸಬಹುದು, ಇನ್ನೊಂದು ಆ್ಯಪಿಗೆ ಹಾಕಲು ಆಗುವುದಿಲ್ಲ. ನನ್ನ ಮಾವನ ಹತ್ತಿರ ಹಳೇ ಪಾಮ್ ಆರ್ಗನೈಸರ್ ಒಂದಿದೆ, ಅಂಗೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಡೈರಿ ಅನ್ನಿ, ಅವರು ಹೊಸದಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ ತಗೊಂಡಿದ್ದು. ಪಾಮ್ ಕಂಪನಿಯ ಪೈಲಟ್ ಮೊದಲು ಬಂದಿದ್ದು 1996ರಲ್ಲಿ. ಎರಡು ಸಣ್ಣ ಶೆಲ್ ಹಾಕಿ ಓಡಿಸುವ ಸಾಮಾನು, ಶೆಲ್ ಪೂರ್ತಿ ಸತ್ತರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಆದರೂ ಯಾರೂ ಕಂಗಾಲಾಗುತ್ತಿರಲಿಲ್ಲವಂತೆ. ಅದನ್ನು ಒಂದು ಸ್ಟ್ಯಾಂಡಿನಲ್ಲಿ ಕೂರಿಸಿ ಬಟನ್ ಒತ್ತಿದರೆ ಅಷ್ಟೂ ಮಾಹಿತಿಯ ಕಾಪಿ ಕಂಪ್ಯೂಟರಿಗೆ ಇಳಿಯುತ್ತಿತ್ತು. ಹಾಟ್‌ಸಿಂಕ್ ಅನ್ನುತ್ತಿದ್ದರು. ಅಷ್ಟು ಹಳೇ ಸಾಮಾನಿನಲ್ಲಿ ಕಾಪಿ ನಮ್ಮ ಮನೆಯಲ್ಲೇ ಇರುತ್ತಿತ್ತು, ಈಗ ನೋಡಿದರೆ ನಮ್ಮದೇ ಟೈಮ್‌ಟೇಬಲ್ ನೋಡಲು ದುಡ್ಡು ಕಟ್ಟಬೇಕು.

ದೊಡ್ಡ ಆ್ಯಪ್‌ಗಳೂ ಮುಚ್ಚುತ್ತವೆ, ಅದು ಬೇರೆ ಮಾತು. ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ವಂಡರ್‌ಲಿಸ್ಟ್ ಅಂತ ಒಂದಿತ್ತು, ತುಂಬಾ ಜನ ಬಳಸುತ್ತಿದ್ದರು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಆದರೆ ತಿಂಗಳುಗಳ ಮೊದಲೇ ಹೇಳಿದ್ದರು, ಪಟ್ಟಿಗಳನ್ನು ಮೈಕ್ರೋಸಾಫ್ಟ್ ಟು ಡೂಗೆ ಸಾಗಿಸಲು ದಾರಿ ಕೊಟ್ಟಿದ್ದರು. ನೀವು ಆರಿಸುವ ಆ್ಯಪ್‌ನಲ್ಲಿ ಕ್ಯಾಲೆಂಡರ್ ಆದರೆ ಐಸಿಎಸ್ ಫೈಲ್, ಪಟ್ಟಿ ಆದರೆ ಸಿಎಸ್‌ವಿ ಫೈಲ್ (ಎರಡೂ ಬೇರೆ ಆ್ಯಪ್‌ಗಳು ಓದಬಲ್ಲ ಫೈಲುಗಳು) ಹೊರಗೆ ಬರುತ್ತದಾ ಅಂತ ನೋಡಿ. ಐಸಿಎಸ್ ಪದ್ಧತಿ 1998ರಿಂದ ಇದೆ, ಗೂಗಲ್ ಕ್ಯಾಲೆಂಡರ್ ಇರಲಿ, ಐಫೋನಿನ ಕ್ಯಾಲೆಂಡರ್ ಇರಲಿ, ಎಲ್ಲದಕ್ಕೂ ಗೊತ್ತು. ಇಷ್ಟು ಹಳೇ ಸೌಲಭ್ಯವನ್ನು ಒಂದು ಆ್ಯಪ್ ಕೊಡುತ್ತಿಲ್ಲ ಅಂದರೆ ಅದು ಮರೆವಲ್ಲ, ಬೇಕಂತಲೇ.

ಎಲ್ಲಕ್ಕಿಂತ ಕೆಟ್ಟದ್ದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಶಾರ್ಟೇಜ್ ಗಲಾಟೆ ಆದಮೇಲೆ ಆ ಆ್ಯಪ್‌ನಲ್ಲಿ ಹೊಸ ಬಟನ್ ಒಂದು ಬಂತು. ‘ಕಾಲೇಜ್ ಪೋರ್ಟಲ್ ಜೋಡಿಸಿ, ಅಟೆಂಡೆನ್ಸ್ ತಾನಾಗಿ ಬರುತ್ತದೆ.’ ಅದಕ್ಕೆ ನಮ್ಮ ಯುಎಸ್‌ಎನ್ (ವಿಟಿಯು ಕೊಡುವ ರಿಜಿಸ್ಟರ್ ನಂಬರ್), ಪೋರ್ಟಲ್ ಪಾಸ್‌ವರ್ಡ್ ಎರಡೂ ಕೊಡಬೇಕು. ಇದನ್ನು ಮಾತ್ರ ನಾನು ಕೊಡಲಿಲ್ಲ. ಪೋರ್ಟಲ್ ಒಳಗೆ ಅಟೆಂಡೆನ್ಸ್ ಒಂದೇ ಅಲ್ಲ ಇರುವುದು. ಅಪ್ಪ ಅಮ್ಮನ ನಂಬರ್, ಮನೆ ವಿಳಾಸ, ಹುಟ್ಟಿದ ದಿನ, ಫೀಸ್ ರಸೀದಿ ಎಲ್ಲಾ ಇದೆ. ಎಷ್ಟೋ ಜನ ಅದೇ ಪಾಸ್‌ವರ್ಡನ್ನು ಮೇಲ್‌ಗೂ ಇಟ್ಟಿರುತ್ತಾರೆ. ಕಾಲೇಜು ತಾನೇ ಹೇಳದ ಹೊರತು ಬೇರೆ ಯಾವ ಆ್ಯಪಿಗೂ ಪೋರ್ಟಲ್ ಪಾಸ್‌ವರ್ಡ್ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ.

ಈಗ ನಾವು ಮಾಡುತ್ತಿರುವುದರಲ್ಲಿ ಶೋಕಿ ಏನೂ ಇಲ್ಲ. ಫೋನಿನ ಜೊತೆಗೇ ಬಂದ ಕ್ಯಾಲೆಂಡರಿನಲ್ಲಿ ಕ್ಲಾಸು, ಇಂಟರ್ನಲ್ಸ್ ದಿನ, ಅಸೈನ್‌ಮೆಂಟ್. ಅಟೆಂಡೆನ್ಸಿಗೆ ನಮ್ಮ ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಮಾಡಿದ ಒಂದು ಶೀಟ್ ಇದೆ. ನಡೆದ ಕ್ಲಾಸುಗಳನ್ನು ಅವಳು ಅವರ್ ಲೆಕ್ಕದಲ್ಲೇ ತುಂಬುತ್ತಾಳೆ, ಶನಿವಾರದ್ದೂ ಸೇರಿಸಿ. ನಾವು ಅದರ ಕಾಪಿ ಇಟ್ಟುಕೊಂಡು ತಪ್ಪಿದ್ದನ್ನು ಮಾತ್ರ ಬರೆಯುತ್ತೇವೆ. ಹದಿನೈದು ದಿನಕ್ಕೊಮ್ಮೆ ಪೋರ್ಟಲ್ ತೆರೆದು ಎರಡನ್ನೂ ಹೋಲಿಸುತ್ತೇವೆ. ಒಂದು ಸಲ ಪೋರ್ಟಲ್‌ನಲ್ಲೇ ತಪ್ಪಿತ್ತು, ಬಂದವರನ್ನು ಆಬ್ಸೆಂಟ್ ಮಾಡಿದ್ದರು. ಶೀಟ್ ತೋರಿಸಿದ ಮೇಲೆ ಲೆಕ್ಚರರ್ ಸರಿಮಾಡಿಕೊಟ್ಟರು.

ಇಂಥ ಆ್ಯಪ್ ಇನ್ನೂ ನಿಮ್ಮ ಫೋನಿನಲ್ಲಿದ್ದರೆ ತೆಗೆಯುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಮ್ಯಾಂಡೇಟ್ ಕ್ಯಾನ್ಸಲ್ ಮಾಡಿ. ಆಮೇಲೆ ಆ್ಯಪ್ ಒಳಗಿನಿಂದಲೇ ಅಕೌಂಟ್ ಡಿಲೀಟ್ ಮಾಡಿ. ಅಕೌಂಟ್ ತೆರೆಯಲು ಬಿಡುವ ಆ್ಯಪ್‌ಗಳು ಡಿಲೀಟ್ ಮಾಡುವ ದಾರಿಯನ್ನೂ ಕೊಡಬೇಕು ಅಂತ ಗೂಗಲ್ ಪ್ಲೇ ನಿಯಮ ಇದೆ, ಆ್ಯಪ್ ಒಳಗೂ ಕೊಡಬೇಕು, ವೆಬ್‌ನಲ್ಲೂ ಕೊಡಬೇಕು. ಅನ್‌ಇನ್‌ಸ್ಟಾಲ್ ಮಾಡುವುದು ಕೊನೆಗೆ. ನಾನು ಮ್ಯಾಂಡೇಟ್ ನಿಲ್ಲಿಸಿದ ಮೇಲೆ ದುಡ್ಡು ಕಟ್ ಆಗುವುದು ನಿಂತಿದೆ. ಹೋದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.