ಹದಿಹರೆಯದವರ ಆರೋಗ್ಯ ಶಿಕ್ಷಣ ಕೈಪಿಡಿ: ಒಂದು ವಿಮರ್ಶೆ

ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ರೂಪಿಸಿರುವ ಈ ಕೈಪಿಡಿಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪ್ರಥಮ ಚಿಕಿತ್ಸೆಯ ಅಧ್ಯಾಯ. ಹೃದಯ ಸ್ತಂಭನಕ್ಕೊಳಗಾದ ವಯಸ್ಕರ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕೆಂಬುದನ್ನು ಚಿತ್ರಸಹಿತ ವಿವರಿಸಿರುವುದರಿಂದ, ಶಿಕ್ಷಕರು ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವುದು ಸುಲಭವಾಗುತ್ತದೆ. ಮುಟ್ಟಿನ ಪಾಠವನ್ನು ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು ಓದುವಂತೆ ಬರೆದಿರುವುದು, ತಡವಾಗಿಯಾದರೂ, ಸ್ವಾಗತಾರ್ಹ. ಆಹಾರ, ವ್ಯಾಯಾಮದ ಭಾಗಗಳು ಸಾಧಾರಣ. ಆದರೆ ಮಾನಸಿಕ ಆರೋಗ್ಯಕ್ಕೆ ಎರಡೇ ಪುಟ ಮೀಸಲಿಟ್ಟು, ಖಿನ್ನತೆಯ ಲಕ್ಷಣಗಳನ್ನಾಗಲಿ, ಯಾರ ಬಳಿ ನೆರವು ಕೇಳಬೇಕೆಂಬುದನ್ನಾಗಲಿ ತಿಳಿಸದೆ, ‘ಸದಾ ಸಂತೋಷವಾಗಿರಿ’ ಎಂದು ಮುಗಿಸಿರುವುದು ದೊಡ್ಡ ಕೊರತೆ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬ ಮಾತೂ ಎಲ್ಲಿಯೂ ಇಲ್ಲ. ಮುಂದಿನ ಮುದ್ರಣದಲ್ಲಿ ಇವೆರಡನ್ನೂ ಸೇರಿಸಿದರೆ ಮಾತ್ರ ತರಗತಿಗೆ ಶಿಫಾರಸು ಮಾಡಬಲ್ಲೆ.