ಶ್ರೀಲಂಕೆಯಲ್ಲಿ ಊಟ: ಮುಂಗಡ ಕಟ್ಟಿದ ಬಫೆ ಮತ್ತು ಬೀದಿಯ ಅನ್ನದಂಗಡಿ

ದಾವಣಗೆರೆಯಿಂದ ಹೊರಡುವ ಮೊದಲೇ ನಾಲ್ಕು ರಾತ್ರಿಯ ಊಟಕ್ಕೆ ಹಣ ಕಟ್ಟಿದ್ದು ಶ್ರೀಲಂಕಾ ಪ್ರವಾಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಎಂಟು ದಿನಗಳ ಆ ಪ್ರವಾಸದಲ್ಲಿ ನಾನು, ನನ್ನ ಹೆಂಡತಿ ಹಾಗೂ ಎಪ್ಪತ್ತು ದಾಟಿದ ಅವ್ವ ಮೊದಲ ನಾಲ್ಕು ದಿನ ಸಮುದ್ರದಂಡೆಯ ಹೋಟೆಲೊಂದರಲ್ಲಿ, ಟ್ರಾವೆಲ್ ಏಜೆಂಟರು ‘ಹಾಫ್ ಬೋರ್ಡ್’ ಎನ್ನುವ ಲೆಕ್ಕದಲ್ಲಿ, ಬೆಳಗಿನ ತಿಂಡಿ ಮತ್ತು ರಾತ್ರಿಯ ಬಫೆ ಉಂಡೆವು. ಉಳಿದ ನಾಲ್ಕು ದಿನ ಗಾಲೆಯಲ್ಲಿ ಒಂದು ಮನೆಯ ಮೇಲಂತಸ್ತಿನ ಗೆಸ್ಟ್ ಹೌಸಿನಲ್ಲಿದ್ದು, ಮಧ್ಯಾಹ್ನ ಬೀದಿಯ ಅನ್ನದಂಗಡಿಯಲ್ಲಿ, ಬೆಳಿಗ್ಗೆ ಮತ್ತು ರಾತ್ರಿ ಆ ಮನೆಯವರ ಅಡುಗೆಯಲ್ಲಿ ಹೊಟ್ಟೆ ತುಂಬಿಸಿಕೊಂಡೆವು. ನಾವು ಮೂವರೂ ಮೀನು, ಮಾಂಸ ತಿನ್ನದವರು. ಮೊಟ್ಟೆ ನಾನೊಬ್ಬನೇ, ಅದೂ ಅವ್ವನ ಕಣ್ಣು ತಪ್ಪಿಸಿ.

ಬಫೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪಾಸ್ತಾ ಇತ್ತು, ಫ್ರೈಡ್ ರೈಸ್ ಇತ್ತು, ಬೇಯಿಸಿದ ಕ್ಯಾರೆಟ್ ಇತ್ತು, ಹತ್ತಾರು ಬಗೆಯ ಪುಡಿಂಗ್ ಇತ್ತು; ಶ್ರೀಲಂಕೆ ಮಾತ್ರ ಒಂದು ಮೂಲೆಯ ಮೂರು ಮಡಕೆಗಳಲ್ಲಿತ್ತು, ಅದೂ ವಿದೇಶಿಯರ ನಾಲಿಗೆಗೆ ಹೆದರಿ ಖಾರ ಕಳೆದುಕೊಂಡು. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಕೇಳುವ ನಾಲಿಗೆಗೆ ಇದು ಪಥ್ಯದಂತೆ ಕಂಡರೆ ಆಶ್ಚರ್ಯವಿಲ್ಲ. ಹಣ ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ, ಸಮುದ್ರದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಾವು ಎಲ್ಲಿದ್ದರೂ ಎದ್ದು ಬಸ್ಸು ಹಿಡಿಯಬೇಕಾಗುತ್ತಿತ್ತು.

ಗಾಲೆಯ ಕೋಟೆಯನ್ನು ಪೋರ್ಚುಗೀಸರು 1588ರಲ್ಲಿ ಕಟ್ಟಿದರು, 1640ರಲ್ಲಿ ಡಚ್ಚರು ಗೆದ್ದುಕೊಂಡು ಬಲಪಡಿಸಿದರು, 1988ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಚಿತ್ರದುರ್ಗದ ಕೋಟೆಯನ್ನು ನೋಡಿ ಬೆಳೆದ ನಮಗೆ ಅದರ ಗೋಡೆಗಿಂತ, ಒಳಗೆ ಇಂದಿಗೂ ಜನ ಸಂಸಾರ ಹೂಡಿರುವುದು ಹೆಚ್ಚು ಸೋಜಿಗವೆನಿಸಿತು. ಆದರೆ ಒಳಗಿನ ಓಣಿಗಳ ಹೋಟೆಲುಗಳೆಲ್ಲ ಪ್ರವಾಸಿಗರ ಜೇಬನ್ನು ನೋಡಿ ದರ ಬರೆದವು. ಡಚ್ಚರ ಸಂತತಿಯವರಿಂದ ಬಂದ ಲ್ಯಾಂಪ್ರೈಸ್ ಎಂಬ ಹೆಸರಾಂತ ಊಟದಲ್ಲಿ ಅನ್ನವನ್ನೇ ಮಾಂಸದ ಸಾರಿನಲ್ಲಿ ಬೇಯಿಸುವುದರಿಂದ, ನಮಗೆ ಅದರ ಬಾಳೆಎಲೆಯ ಪೊಟ್ಟಣವನ್ನು ನೋಡುವ ಭಾಗ್ಯವಷ್ಟೇ ದಕ್ಕಿತು. ಕೋಟೆಯ ಬಾಗಿಲು ದಾಟಿ, ಕ್ರಿಕೆಟ್ ಮೈದಾನದ ಪಕ್ಕದಿಂದ ಬಸ್ ನಿಲ್ದಾಣದ ಕಡೆಗೆ ಹೋದರೆ ಊಟದ ಲೋಕವೇ ಬೇರೆ. ಅಲ್ಲಿಯವರು ಅನ್ನದಂಗಡಿಯನ್ನು ‘ಬತ್ ಕಡೆ’ ಎನ್ನುತ್ತಾರೆ; ಎಷ್ಟೋ ಅಂಗಡಿಗಳ ಮೇಲೆ ‘ಹೋಟೆಲ್’ ಎಂಬ ಬೋರ್ಡಿದ್ದರೂ ನಮ್ಮೂರಿನಂತೆಯೇ ಒಳಗೆ ಮಲಗಲು ಜಾಗವಿಲ್ಲ, ಉಣ್ಣಲು ಮಾತ್ರ ಇದೆ.

ನಾವು ಹೋದಾಗ ತಟ್ಟೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ ಕೈಗೆ ಕೊಡುತ್ತಿದ್ದರು, ಉಂಡ ಮೇಲೆ ಹಾಳೆ ಬುಟ್ಟಿಗೆ ಹೋಗುತ್ತಿತ್ತು. ಸಾಲಾಗಿಟ್ಟ ಮಣ್ಣಿನ ಮಡಕೆಗಳಿಂದ ಕೆಂಪಕ್ಕಿ ಅನ್ನ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮಸೂರ ಬೇಳೆ, ಬೀಟ್‌ರೂಟ್, ಒಂದೆಲಗದ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿತುರಿಯೊಡನೆ ಕಲಸಿದ್ದು, ಜೊತೆಗೆ ಕರಿದ ಹಪ್ಪಳ ಬಡಿಸಿಕೊಳ್ಳಬೇಕು. ‘ಪೊಲೊಸ್’ ಎನ್ನುವ ಎಳೆ ಹಲಸಿನ ಗೊಜ್ಜನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಟ್ಟು ಕಪ್ಪಗಾಗಿಸಿರುತ್ತಾರೆ. ಅದೊಂದಕ್ಕಾಗಿ ನಾನು ಮತ್ತೆ ವಿಮಾನ ಹತ್ತಬಲ್ಲೆ. ಮಧ್ಯಾಹ್ನ ಎರಡೂವರೆ ದಾಟಿದರೆ ಮಡಕೆಗಳು ಬರಿದಾಗುತ್ತವೆ; ರಾತ್ರಿ ಅದೇ ಅಂಗಡಿಯಲ್ಲಿ ಕಾದ ಹೆಂಚಿನ ಮೇಲೆ ಎರಡು ಲೋಹದ ಪಟ್ಟಿಗಳಿಂದ ಪರೋಟವನ್ನು ಟಕಟಕನೆ ಕೊಚ್ಚುವ ‘ಕೊತ್ತು’ ನಡೆಯುತ್ತದೆ, ಕೋಳಿ, ಮೊಟ್ಟೆ, ತರಕಾರಿ ಎಲ್ಲಕ್ಕೂ ಒಂದೇ ಹೆಂಚಾದ್ದರಿಂದ ನಾವು ಅತ್ತ ಹೋಗಲಿಲ್ಲ.

ಇನ್ನು ನಮ್ಮನ್ನು ನಿಜವಾಗಿ ಕಾಡಿದ ಸಂಗತಿಗೆ ಬರುತ್ತೇನೆ. ಗೆಸ್ಟ್ ಹೌಸಿನ ಮೊದಲ ಬೆಳಿಗ್ಗೆ ‘ಇಂದಿ ಆಪ್ಪ’ ಬಂತು, ಅಂದರೆ ನಮ್ಮ ಒತ್ತುಶಾವಿಗೆ. ಅವ್ವನಿಗೆ ಹಿಗ್ಗೋ ಹಿಗ್ಗು. ಪಕ್ಕದಲ್ಲಿದ್ದ ‘ಕಿರಿ ಹೊದಿ’ಯನ್ನು ಕಾಯಿಹಾಲೆಂದೇ ನಂಬಿ ಸುರಿದುಕೊಂಡಳು, ಬೆಲ್ಲದ ಬದಲು ಉಪ್ಪು, ಅರಿಶಿನ ಇರುವುದು ತಿಳಿದ ಮೇಲೂ ಬೇಸರಿಸದೆ, ಕೆಂಪಗಿದ್ದ ‘ಪೊಲ್ ಸಂಬೋಲ’ವನ್ನು ಮೂರು ಸಲ ಹಾಕಿಸಿಕೊಂಡಳು. ಕಾಯಿತುರಿ, ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ನಿಂಬೆರಸ ಸೇರಿಸಿ ಕುಟ್ಟಿದ ಅದರಲ್ಲಿ ಅಲ್ಲಲ್ಲಿ ಕಂದು ಚೂರುಗಳಿದ್ದವು. ಹುರಿದ ಕೊಬ್ಬರಿ ಇರಬೇಕೆಂದುಕೊಂಡೆ.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ, ಮನೆಯಾಕೆ ಗಂಧದ ಕೊರಡಿನಂತಹ ಒಂದು ಗಟ್ಟಿ ತುಂಡನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದುದನ್ನು ಕಂಡೆ. ಒನಕೆ ಬಿದ್ದಾಗ ಕಟ್ಟಿಗೆ ಸೀಳಿದ ಸದ್ದು ಬರುತ್ತಿತ್ತು. ಏನೆಂದು ಕೇಳಿದ್ದಕ್ಕೆ “ಉಂಬಲಕಡ” ಎಂದರು. ಸೂರೆ, ಅಂದರೆ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಯಿಸಿ, ಮರದಂತಾಗುವವರೆಗೆ ಬಿಸಿಲಿಗೆ ಒಣಗಿಸಿದ್ದು ಅದು; ಮಾಲ್ದೀವ್ಸ್ ಮೀನೆಂದೇ ಹೆಸರಾಗಿರುವ ಅದನ್ನು ಸಿಂಹಳದ ಅಡುಗೆಯಲ್ಲಿ ನಾವು ಇಂಗು ಹಾಕಿದಷ್ಟೇ ಸಲೀಸಾಗಿ, ಸಂಬೋಲಕ್ಕೆ, ಸೊಪ್ಪಿಗೆ, ಕೆಲವೊಮ್ಮೆ ಬೇಳೆಗೂ ಹಾಕುತ್ತಾರೆ. ನಾವು ಸಸ್ಯಾಹಾರಿಗಳೆಂದು ಮೊದಲೇ ಹೇಳಿದ್ದೆವಲ್ಲ ಎಂದರೆ ಆಕೆ ನಿಜವಾಗಿಯೂ ನೊಂದುಕೊಂಡರು. ಅವರ ಲೆಕ್ಕದಲ್ಲಿ ಅದು ರುಚಿಗೆ ಹಾಕುವ ವಸ್ತುವೇ ಹೊರತು ಮೀನಿನ ಅಡುಗೆಯಲ್ಲ.

ಅವ್ವನಿಗೆ ಹೇಳುವುದೋ ಬೇಡವೋ ಎಂದು ಅರ್ಧ ದಿನ ಒದ್ದಾಡಿ, ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ದಂಗ ತಿಂದಿದ್ದಕ್ಕೆ ಶಿವ ಏನೂ ಅನ್ನಲ್ಲ ಬಿಡಪ್ಪ. ಇನ್ಮೇಲೆ ನೀನು ಬಾಯಿಬಿಟ್ಟು ಕೇಳು” ಎಂದಳು. ಆಮೇಲೆ, ರುಚಿ ಮಾತ್ರ ಚೆನ್ನಾಗಿತ್ತೆಂದು ಹೆಂಡತಿಯ ಕಿವಿಯಲ್ಲಿ ಹೇಳಿದಳಂತೆ.

ಬಫೆಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಏಜೆಂಟರೂ ಅದನ್ನೇ ಹೇಳಿ ಹಣ ಕಟ್ಟಿಸಿಕೊಂಡಿದ್ದರು. ಆ ರಾತ್ರಿ ಮೊಬೈಲಿನಲ್ಲಿದ್ದ ಬಫೆಯ ಫೋಟೊಗಳನ್ನು ಹಿಗ್ಗಿಸಿ ನೋಡಿದೆ. ‘ಕೋಕನಟ್ ಸಂಬೋಲ್’ ಎಂಬ ಅಂದದ ಚೀಟಿಯ ಹಿಂದಿನ ಬಟ್ಟಲಿನಲ್ಲಿ ಅದೇ ಕಂದು ಚೂರುಗಳು. ಅಲ್ಲಿ ನಾಲ್ಕು ದಿನ ತಿಂದರೂ ನಮಗೆ ಗೊತ್ತಾಗಿರಲಿಲ್ಲ, ಇಲ್ಲಿ ಅಡುಗೆಮನೆ ಕಣ್ಣೆದುರಿಗೇ ಇದ್ದುದರಿಂದ ಒಂದೇ ದಿನದಲ್ಲಿ ಗೊತ್ತಾಯಿತು.

ಮನೆಯಾಕೆಯೇ ಒಂದು ವಾಕ್ಯ ಕಲಿಸಿದರು: “ಉಂಬಲಕಡ ದಾನ್ನ ಎಪಾ”, ಅಂದರೆ ಉಂಬಲಕಡ ಹಾಕಬೇಡಿ. ಬತ್ ಕಡೆಯಲ್ಲಿ ಅಡುಗೆ ಮೊದಲೇ ಆಗಿರುವುದರಿಂದ ಈ ವಾಕ್ಯ ಕೆಲಸಕ್ಕೆ ಬರುವುದಿಲ್ಲ, ಮಡಕೆ ತೋರಿಸಿ ‘ಉಂಬಲಕಡ?’ ಎಂದಷ್ಟೇ ಕೇಳಬೇಕು. ಬಸ್ ನಿಲ್ದಾಣದ ಬಳಿಯ ಅಂಗಡಿಯ ಮುದುಕರು ಏಳು ಮಡಕೆಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿ, ಮೂರಕ್ಕೆ ತಲೆಯಾಡಿಸಿ, ನಾಲ್ಕನ್ನು ನಮ್ಮತ್ತ ಸರಿಸಿದರು. ಪುಣ್ಯಕ್ಕೆ ಪೊಲೊಸ್ ಆ ನಾಲ್ಕರಲ್ಲಿತ್ತು. ಈ ಕೇಳುವ ಗೋಜೇ ಬೇಡವೆನ್ನುವವರು ಕೊಲಂಬೊದ ವೆಳ್ಳವತ್ತೆಯಂತಹ ತಮಿಳರ ಬಡಾವಣೆಗಳಲ್ಲಿ ಅಥವಾ ಜಾಫ್ನಾದಲ್ಲಿ ‘ಸೈವ’ ಎಂದು ಬೋರ್ಡಿರುವ ಹೋಟೆಲನ್ನು ಹುಡುಕಬೇಕು. ಆ ಪದಕ್ಕೆ ಅಲ್ಲಿ ಸಸ್ಯಾಹಾರವೆಂದೇ ಅರ್ಥ. ನಮ್ಮ ಅವ್ವನಿಗೆ ಬೋರ್ಡಿನ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಉಳಿದವು ಚಿಕ್ಕ ವಿಷಯಗಳು. ಬೀದಿಯ ಹಾಲಿನ ಚಹಾಕ್ಕೆ ಹಾಲಿನ ಪುಡಿ ಹಾಕುತ್ತಾರೆ, ಈ ಒಂದರಲ್ಲಿ ಹೋಟೆಲೇ ಮೇಲು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು, ಅದರ ಮೇಲೆ ಬೈನೆ ಮರದ ರಸ ಕಾಯಿಸಿದ ಪಾಕ ಎರಡೂ ಕಡೆ ಸಿಕ್ಕಿತು, ಎರಡೂ ಕಡೆ ಸೊಗಸು. ಅಲ್ಲಿ ‘ಕುರಕ್ಕನ್’ ಎನ್ನುವುದು ನಮ್ಮ ರಾಗಿಯೇ, ಅದರ ರೊಟ್ಟಿ ಗೆಸ್ಟ್ ಹೌಸಿನಲ್ಲಷ್ಟೇ ಸಿಕ್ಕಿತು. ಪನೀರ್ ಬಟರ್ ಮಸಾಲ ಹುಡುಕಿಕೊಂಡು ‘ಇಂಡಿಯನ್’ ಹೋಟೆಲಿಗೆ ಹೋಗುವವರಿಗೆ ನನ್ನ ಬಳಿ ಸಲಹೆಯಿಲ್ಲ.

ಹಣದ ಮಾತು. ನಾವು ಹೋದಾಗ ನಮ್ಮ ಒಂದು ರೂಪಾಯಿಗೆ ಅಲ್ಲಿಯ ಸುಮಾರು ಮೂರೂವರೆ ರೂಪಾಯಿ ಬರುತ್ತಿತ್ತು. ಬಫೆಯ ರಾತ್ರಿಯೂಟಕ್ಕೆ ತಲೆಗೆ ನಮ್ಮ ಲೆಕ್ಕದಲ್ಲಿ 1,500 ರೂಪಾಯಿ ಬಿದ್ದರೆ, ಅನ್ನದಂಗಡಿಯಲ್ಲಿ 140, ಗೆಸ್ಟ್ ಹೌಸಿನ ರಾತ್ರಿಯೂಟಕ್ಕೆ 350ರ ಆಸುಪಾಸು ಆಯಿತು. ಚಿಕ್ಕ ಮಕ್ಕಳಿರುವವರು, ಖಾರ ಆಗದವರು, ಸಂಜೆ ಕೋಣೆ ಬಿಟ್ಟು ಕದಲದವರು ಬಫೆಯನ್ನೇ ಆರಿಸಿಕೊಳ್ಳಲಿ, ಅವರಿಗೆ ಅದು ಮೋಸವಲ್ಲ. ಊಟದ ಹೊತ್ತನ್ನು ಹಸಿವೇ ನಿರ್ಧರಿಸಬೇಕೆನ್ನುವ ನನ್ನಂಥವನಿಗೆ ಅದು ಒಗ್ಗದು. ಮುಂದಿನ ವರ್ಷ ಜಾಫ್ನಾದ ಕಡೆ ಹೋಗುವ ವಿಚಾರವಿದ್ದು, ರಾತ್ರಿಯೂಟ ಬಿಟ್ಟು ಬರೀ ಕೋಣೆಗೆ ದರ ಕೇಳಿದ್ದೇನೆ. ಹಾಗೆ ಮಾಡಿದರೆ ಉಳಿಯುವುದು ಬಹಳ ಕಡಿಮೆ ಎಂದು ಏಜೆಂಟರು ಫೋನಿನಲ್ಲಿ ಎರಡು ಸಲ ಹೇಳಿದರು, ಆದರೂ ಹಾಗೇ ಬುಕ್ ಮಾಡಿ ಎಂದಿದ್ದೇನೆ.